"ಈ ಕೆಲಸ ನನಗೆ ಬೇಕು" ಅಂತ ಇಂಟರ್‌ವ್ಯೂನಲ್ಲಿ ಹೇಳಬಹುದಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದವಳು. ಡಿಪ್ಲೊಮಾ ಮುಗಿಸಿ ಶಿವಮೊಗ್ಗದಲ್ಲಿ ಎರಡು ಇಂಟರ್‌ವ್ಯೂ ಕೊಟ್ಟೆ. ಕೊನೆಗೆ "ಏನಾದ್ರೂ ಕೇಳೋದಿದೆಯಾ?" ಅಂದಾಗ "ಇಲ್ಲ ಸರ್" ಅಂತ ಎದ್ದು ಬಂದೆ. ಕೆಲಸ ಬೇಕು ಅಂತ ಬಾಯಿಬಿಟ್ಟು ಹೇಳಿದರೆ ಅಂಗಲಾಚಿದ ಹಾಗೆ ಆಗಲ್ವಾ?

ಉತ್ತರ: ಖಂಡಿತ ಆಗಲ್ಲ. ಧೈರ್ಯವಾಗಿ ಹೇಳಿ.

ನಮ್ಮ ಕಡೆ ಊಟಕ್ಕೆ ಕೂತವರು "ಸಾಕು, ಸಾಕು" ಅಂತ ಬಾಳೆಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಕೇಳಬೇಕಲ್ಲ, ಇನ್ನೊಂದು ಸೌಟು ಹಾಕಿಯೇ ಹಾಕುತ್ತಾರೆ. ಬಾಯಿಬಿಟ್ಟು ಕೇಳದೆಯೇ ಸಿಗುತ್ತೆ ಅನ್ನೋದು ನಮಗೆ ಚಿಕ್ಕಂದಿನಿಂದ ರೂಢಿ. ಇಂಟರ್‌ವ್ಯೂನಲ್ಲಿ ಹಾಗೆ ಉಪಚಾರ ಮಾಡುವವರಿಲ್ಲ. ನೀವು ಸುಮ್ನೆ ಎದ್ದು ಬಂದರೆ, ಈ ಹುಡುಗಿ ಬೆಂಗಳೂರಿನಲ್ಲಿ ಎಲ್ಲೋ ನೋಡಿಕೊಂಡಿರಬೇಕು ಅಂದುಕೊಳ್ಳುತ್ತಾರೆ.

ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ) ಹಲವು ವರ್ಷ ನಾನೂ ಮೇಜಿನ ಆಚೆ ಕೂತವನು. ಒಮ್ಮೆ ಸಾಗರದ ಕಡೆಯ ಹುಡುಗ ಬಂದಿದ್ದ. ಎರಕದೊಳಗೆ ಗಾಳಿ ಸಿಕ್ಕಿ ತೂತು (ಬ್ಲೋಹೋಲ್) ಬೀಳುತ್ತಿದೆ ಅಂತ ನಮ್ಮ ಕಷ್ಟ ಹೇಳಿದ್ದೆವು. ತೊಡೆ ಮೇಲಿನ ಫೈಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. "ಸರ್, ಬ್ಲೋಹೋಲ್ ಬಂದು ರಿಜೆಕ್ಷನ್ ಜಾಸ್ತಿ ಆಗ್ತಿದೆ ಅಂದ್ರಲ್ಲ. ಅಚ್ಚಿನ ಮರಳಿನ ತೇವ ನೋಡೋದನ್ನ ಲ್ಯಾಬ್‌ನಲ್ಲಿ ಮಾಡಿದ್ದೀನಿ. ಈ ಕೆಲಸ ನನಗೆ ಬೇಕು ಸರ್. ಯಾವಾಗ ತಿಳಿಸ್ತೀರಿ?" ಅಂದ. ದನಿ ನಡುಗುತ್ತಿತ್ತು. ಅವನ ಹೆಸರಿನ ಮುಂದೆ ನಾನು ಟಿಕ್ ಹಾಕಿದ್ದು ಆಗಲೇ.

ನಾವು ಹೇಳಿದ ಕಷ್ಟವನ್ನೇ ಹಿಡಿದು ಮಾತಾಡಿದ್ದ, ನೋಡಿ. ಕಿವಿಗೊಟ್ಟು ಕೇಳಿದ್ದಾನೆ ಅಂತ ಗೊತ್ತಾಯಿತು. ನೀವೂ ಮಾತಿನ ನಡುವೆ ಅಂಥದ್ದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

"ಮನೇಲಿ ಕಷ್ಟ ಸರ್, ಹೇಗಾದ್ರೂ ಮಾಡಿ ಕೊಡಿ" ಅನ್ನೋದು ಅಂಗಲಾಚೋದು. ಕೊಳೆರೋಗ ಬಂದು ಅಡಿಕೆ ಫಸಲು ಹೋಗಿರಬಹುದು, ಸುಳ್ಳಲ್ಲ. ಕೇಳಿದವರಿಗೆ ಸಂಕಟವಾಗುತ್ತದೆ, ಆದರೆ ನಿಮಗೆ ಕೆಲಸ ಬರುತ್ತಾ ಅನ್ನೋದು ತಿಳಿಯಲ್ಲ. "ನಾನು ಸೆಲೆಕ್ಟ್ ಆದ್ನಾ?" ಅಂತಲೂ ಅಲ್ಲೇ ಕೇಳಬೇಡಿ. ಹೊರಗೆ ಕಾಯುತ್ತಿರುವವರನ್ನು ನೋಡದೆ ಅವರಾದರೂ ಏನು ಹೇಳಿಯಾರು?

ಇದೆಲ್ಲ ಖಾಸಗಿ ಕೆಲಸದ ಮಾತು. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ (ಗುಮಾಸ್ತರಂಥವು) 2016ರ ಜನವರಿಯಿಂದ ಇಂಟರ್‌ವ್ಯೂವೇ ಇಲ್ಲ.

ಇಂಟರ್‌ವ್ಯೂ ಮಾಡಿದವರು ತಿಳಿಸ್ತೀವಿ ಅಂದ ದಿನ ದಾಟಿದರೆ, ಎರಡು ದಿನ ಬಿಟ್ಟು ನೀವೇ ಫೋನ್ ಮಾಡಿ. ಹಾಂ, ಮಳೆಗಾಲದಲ್ಲಿ ಕರೆಂಟ್ ಹೋದರೆ ನಿಮ್ಮೂರಲ್ಲಿ ಟವರೂ ಹೋಗುತ್ತೆ ಅಲ್ವಾ? ಪೇಟೆಯಲ್ಲಿರುವ ನೆಂಟರದ್ದೊಂದು ನಂಬರನ್ನೂ ಕೊಟ್ಟು ಬನ್ನಿ.