ಇಂಗ್ಲಿಷ್ ಉಚ್ಚಾರಣೆ: ಹೇಳುವ ಮನೋಭಾವ, ನಡೆಯುವ ಮನೋಭಾವ

ಪರೀಕ್ಷೆಯಲ್ಲಿ ಇಂಗ್ಲಿಷ್ ಉಚ್ಚಾರಣೆಯ ಬಗೆಗಿನ 'ಮನೋಭಾವ' ಎಂಬ ಪ್ರಶ್ನೆ ಬಂದರೆ ನಂಬಿಕೆ, ಭಾವನೆ, ನಡವಳಿಕೆ ಎಂದು ಮೂರು ಅಂಶ ಬರೆದು ಕೈತೊಳೆದುಕೊಳ್ಳುತ್ತೇವೆ. ಈ ಮೂರೂ ಒಂದೇ ಕಡೆಗೆ ಎಳೆಯುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ವಿಷಯ.

ನಮ್ಮ ಎಂ.ಎ. ತರಗತಿಯನ್ನೇ ನೋಡಿ. ಉಚ್ಚಾರಣೆ ಮುಖ್ಯವೇ ಅಂದರೆ ಎಲ್ಲರದೂ ಹೌದು. ಆದರೆ ಲ್ಯಾಬಿನಲ್ಲಿ ಯಾರಾದರೂ 'ಥಿಂಕ್' ಅನ್ನಲು ನಾಲಿಗೆಯನ್ನು ಹಲ್ಲುಗಳ ನಡುವೆ ತಂದರೋ, ಹಿಂದಿನ ಬೆಂಚಿನಿಂದ "ಏನ್ ಬಿಲ್ಡಪ್ಪು ಗುರು!" ಎಂಬ ದನಿ. ಮಾರನೆಯ ದಿನದಿಂದ ಆ ನಾಲಿಗೆ ಹೊರಗೆ ಬರುವುದಿಲ್ಲ. ನಂಬಿಕೆ ಗಟ್ಟಿಯಾಗಿದೆ, ಭಾವನೆ ಮುಜುಗರದ್ದು, ನಡವಳಿಕೆ ಮೌನ.

ಹಾಗಾಗಿ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗೆ ಟಿಕ್ ಹಾಕಿಸುವ ಐದು ಹಂತದ ಲಿಕರ್ಟ್ ಪ್ರಶ್ನಾವಳಿಯನ್ನಷ್ಟೇ ನಂಬಿ ಕೂರುವಂತಿಲ್ಲ. ಮೇಷ್ಟ್ರಿಗೆ ಇಷ್ಟವಾಗುವ ಉತ್ತರಕ್ಕೆ ಟಿಕ್ ಹಾಕುವುದು ಯಾರಿಗೆ ಗೊತ್ತಿಲ್ಲ? ಮನೋವಿಜ್ಞಾನಿ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ, ಕೆನಡಾದ ಮಾಂಟ್ರಿಯಲ್ ನಗರದ ಪ್ರಯೋಗ ಇದಕ್ಕೊಂದು ಉಪಾಯ ಹುಡುಕಿತು. ಎರಡೂ ಭಾಷೆ ಬಲ್ಲವರಿಂದ ಒಂದೇ ಪಠ್ಯವನ್ನು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಓದಿಸಿ, ಬೇರೆ ಬೇರೆ ಜನರ ದನಿಯೆಂಬಂತೆ ವಿದ್ಯಾರ್ಥಿಗಳಿಗೆ ಕೇಳಿಸಿದರು. ಫ್ರೆಂಚ್ ಮಾತಾಡುವ ಕೇಳುಗರೂ ಎಷ್ಟೋ ಗುಣಗಳಲ್ಲಿ ಇಂಗ್ಲಿಷ್ ದನಿಗೇ ಹೆಚ್ಚು ಅಂಕ ಕೊಟ್ಟರು. ನಮಗಿದು ಹೊಸತೇನಲ್ಲ. 'ಹಾಲು' ಎನ್ನುವಲ್ಲಿ 'ಆಲು' ಎಂದವರನ್ನು ಕನ್ನಡದಲ್ಲೇ ನಕ್ಕು ಅಳೆಯುತ್ತೇವಲ್ಲ. ಇಂಗ್ಲಿಷ್ ತರಗತಿಗೆ ಬರುವಾಗಲೇ ಆ ನಗುವಿನ ಭಯ ಜೇಬಿನಲ್ಲಿರುತ್ತದೆ.

ಇನ್ನು ಗುರಿಯ ಮಾತು. ಲಂಡನ್ನಿನವರಂತೆ ಆಗಬೇಕೆ, ಅರ್ಥವಾದರೆ ಸಾಕೆ? ಕೆನಡಾದ ಸಂಶೋಧಕರಾದ ಮನ್ರೊ ಮತ್ತು ಡರ್ವಿಂಗ್ 1995ರಲ್ಲಿ ಮ್ಯಾಂಡರಿನ್ ಮಾತೃಭಾಷೆಯವರ ಇಂಗ್ಲಿಷನ್ನು ಪರೀಕ್ಷಿಸಿದಾಗ, ದಟ್ಟವಾದ ಆಕ್ಸೆಂಟ್ ಇದ್ದ ಮಾತೂ ಎಷ್ಟೋ ಸಲ ಪೂರ್ತಿ ಅರ್ಥವಾಗುತ್ತಿತ್ತು. ಭಾಷಾತಜ್ಞೆ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಇನ್ನೂ ಮುಂದೆ ಹೋಗಿ, ಬೇರೆ ಬೇರೆ ಮಾತೃಭಾಷೆಯವರು ಇಂಗ್ಲಿಷಿನಲ್ಲಿ ಪರಸ್ಪರ ಅರ್ಥವಾಗಲು ಬೇಕಾದ ಉಚ್ಚಾರಣೆಗಳ ಪಟ್ಟಿ ಮಾಡಿ, ನಾಲಿಗೆ ಹೊರತರುವ ಆ 'ಥ'ಕಾರವನ್ನೇ ಅದರಿಂದ ಕೈಬಿಟ್ಟರು. (ಬೆಂಚಿನ ಹುಡುಗರಿಗೆ ಇದನ್ನು ಹೇಳಬೇಡಿ.) ಸ್ವರಗಳ ಹ್ರಸ್ವ-ದೀರ್ಘವನ್ನು ಪಟ್ಟಿಯಲ್ಲಿ ಉಳಿಸಿಕೊಂಡರು. ಎ-ಏ, ಒ-ಓ ಎಂದು ಬಾಲ್ಯದಲ್ಲೇ ತಿದ್ದಿದ ನಮಗೆ 'ಶಿಪ್', 'ಶೀಪ್' ಬೇರೆ ಮಾಡುವುದು ಅಷ್ಟೇನೂ ಕಷ್ಟವಲ್ಲ.

ಪದದ ಒತ್ತನ್ನೂ, ಅಂದರೆ ಪದದ ಒಂದು ಅಕ್ಷರವನ್ನು ಹೆಚ್ಚು ಬಲದಿಂದ ನುಡಿಯುವುದನ್ನೂ, ಜೆಂಕಿನ್ಸ್ ಬಿಟ್ಟಿದ್ದಾರೆ. ಅಲ್ಲಿ ನನಗೆ ಒಪ್ಪಿಗೆಯಿಲ್ಲ. 'ಫೋಟೊಗ್ರಾಫ್'ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, 'ಫೊಟಾಗ್ರಫಿ'ಯಲ್ಲಿ ಎರಡನೆಯದಕ್ಕೆ, 'ಫೋಟೊಗ್ರಾಫಿಕ್'ನಲ್ಲಿ ಮೂರನೆಯದಕ್ಕೆ. ಕನ್ನಡದಲ್ಲಿ ಒತ್ತು ಜರುಗಿದರೆ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾರೂ ನಗದೆ ಅಭ್ಯಾಸ ಮಾಡಬಹುದಾದದ್ದೂ ಇದೇ: ಮೇಜಿನ ಮೇಲೆ ಬೆರಳು ತಟ್ಟಿದರಾಯಿತು.