ಸೈಟಿನ ರೇಟು ಮತ್ತು ಹಳೇ ಟಾಕೀಸು

ಬೆಂಗಳೂರಲ್ಲಿ ಐವತ್ತು ವರ್ಷ ನಡೆದ ಕಾವೇರಿ ಚಿತ್ರಮಂದಿರ 2024ರಲ್ಲಿ ಬಾಗಿಲು ಹಾಕಿದಾಗ ಎಲ್ಲರೂ ಬೈದದ್ದು ಒಟಿಟಿ, ಮಲ್ಟಿಪ್ಲೆಕ್ಸ್‌ಗಳನ್ನ. ಅದು ನಿಜವೇ. ಆದರೆ ಮೂರನೇ ಕಾರಣವೂ ಇದೆ, ಸೈಟಿನ ರೇಟು. ಅದನ್ನು 1957ರಲ್ಲೇ ಒಂದು ಬ್ರಿಟಿಷ್ ಕಾಮಿಡಿ ನಗ್ತಾ ನಗ್ತಾ ಹೇಳಿಬಿಟ್ಟಿತ್ತು.

ಬ್ಯಾಸಿಲ್ ಡಿಯರ್ಡನ್ ನಿರ್ದೇಶನದ 'ದಿ ಸ್ಮಾಲೆಸ್ಟ್ ಶೋ ಆನ್ ಅರ್ತ್' ಚಿತ್ರದಲ್ಲಿ ಯುವ ದಂಪತಿಗೆ ಒಂದು ಚಿತ್ರಮಂದಿರ ಆಸ್ತಿಯಾಗಿ ಬರುತ್ತದೆ. ಊರಿನ ದೊಡ್ಡ ಟಾಕೀಸು ಗ್ರ್ಯಾಂಡ್ ನಮ್ಮದೇ ಅಂತ ಹಿಗ್ಗುತ್ತಾರೆ. ಸಿಕ್ಕಿದ್ದು ಬಿಜೂ ಅನ್ನೋ ಪಾಳು ಟಾಕೀಸು. ಪಕ್ಕದಲ್ಲಿ ರೈಲು ಹೋದರೆ ಕಟ್ಟಡವೆಲ್ಲ ಗಡಗಡ. ಜೊತೆಗೆ ಮೂವರು ಹಳೇ ಕೆಲಸಗಾರರು: ಟಿಕೆಟ್ ಕೊಡೋ ಅಜ್ಜಿ, ಬಾಗಿಲು ಕಾಯೋ ಟಾಮ್, ಕುಡಿಯೋ ಚಟದ ಪ್ರೊಜೆಕ್ಟರ್ ಆಪರೇಟರ್. ಆ ಮುದುಕ ಆಪರೇಟರ್ ಪೀಟರ್ ಸೆಲ್ಲರ್ಸ್, ಆಗಿನ್ನೂ ಮೂವತ್ತು ದಾಟಿದ ಹುಡುಗ. ನೋಡಿದರೆ ನಂಬೋಕಾಗಲ್ಲ.

ಒಂದು ದೃಶ್ಯದಲ್ಲಿ ಪರದೆ ಮೇಲೆ ಮರುಭೂಮಿ ಓಡುತ್ತಿರುತ್ತದೆ. ಇವರು ಹಾಲ್‌ನ ಹೀಟರ್ ಜಾಸ್ತಿ ಮಾಡುತ್ತಾರೆ. ಬೆವೆತ ಜನ ಇಂಟರ್ವಲ್‌ನಲ್ಲಿ ತಣ್ಣಗಿನದಕ್ಕೆ ಮುಗಿಬೀಳುತ್ತಾರೆ. ಮಲ್ಟಿಪ್ಲೆಕ್ಸ್ ಪಾಪ್‌ಕಾರ್ನ್ ವ್ಯಾಪಾರದ ಅಜ್ಜನೇ ಇದು, ಅಲ್ವಾ?

ಆದರೆ ಅವರು ಟಾಕೀಸು ತೆರೆದದ್ದು ಸಿನಿಮಾ ಪ್ರೀತಿಯಿಂದಲ್ಲ. ಗ್ರ್ಯಾಂಡ್ ಮಾಲೀಕನಿಗೆ ಆ ಜಾಗ ಕಾರ್ ಪಾರ್ಕಿಂಗ್‌ಗೆ ಬೇಕು. ಹಿಂದೆ 5,000 ಪೌಂಡ್ ಕೊಡ್ತೀನಿ ಅಂದವನು ಈಗ 500ಕ್ಕೆ ಇಳಿದಿದ್ದಾನೆ. ರೇಟು ಏರಿಸೋಕೆ ಸುಮ್ನೆ ನಡೆಸೋ ನಾಟಕವದು. ಆಗಿನ ಬ್ರಿಟನ್‌ನಲ್ಲಿ ಇದು ಬರೀ ಜೋಕ್ ಆಗಿರಲಿಲ್ಲ. 1946ರಲ್ಲಿ ಅಲ್ಲಿ ಸುಮಾರು 163 ಕೋಟಿ ಟಿಕೆಟ್ ಮಾರಾಟವಾಗಿತ್ತು, 1957ಕ್ಕೆ ಅದು 91 ಕೋಟಿಗೆ ಬಂದಿತ್ತು. ಮನೆಮನೆಗೆ ಟಿವಿ ಬಂದಿತ್ತು.

ಬೆಂಗಳೂರಿಗೆ ಆ ಕಾಲ ತಡವಾಗಿ ಬಂತು. ಇಲ್ಲಿ ಬಸ್‌ಸ್ಟ್ಯಾಂಡಿಗೇ ಮೆಜೆಸ್ಟಿಕ್ ಅನ್ನೋ ಚಿತ್ರಮಂದಿರದ ಹೆಸರು. ಕಪಾಲಿ ಚಿತ್ರಮಂದಿರ ಶುರುವಾದ 1968ರಲ್ಲಿ ರಾಜ್‌ಕುಮಾರ್ ಒಬ್ಬರದ್ದೇ ಹತ್ತಕ್ಕೂ ಹೆಚ್ಚು ಚಿತ್ರ ಬಂದವು. ಈಗ ದೊಡ್ಡ ಸ್ಟಾರ್ ವರ್ಷಕ್ಕೊಂದು ಚಿತ್ರ ಮಾಡಿದರೆ ಹೆಚ್ಚು. ದಿನಕ್ಕೆ ನಾಲ್ಕು ಶೋ ಮಾತ್ರ ಹಾಗೇ ಇವೆ. ಸಾವಿರ ಸೀಟಿನ ಹಾಲ್‌ಗೆ ಏನು ಹಾಕೋದು? 2004ರಲ್ಲಿ ಕೋರಮಂಗಲದಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ಬಂತು. ಅಲ್ಲಿ ಓಡದ ಚಿತ್ರವನ್ನು ಚಿಕ್ಕ ಹಾಲ್‌ಗೆ ತಳ್ಳಬಹುದು. ಸಿಂಗಲ್ ಸ್ಕ್ರೀನ್‌ಗೆ ಆ ದಾರಿಯಿಲ್ಲ. ಡಿಜಿಟಲ್ ಬಂದಮೇಲೆ ಎರಡು ಪ್ರೊಜೆಕ್ಟರ್ ಮಧ್ಯೆ ಓಡಾಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ರೀಲ್ ಬದಲಿಸುತ್ತಿದ್ದ ಆಪರೇಟರ್ ಕೆಲಸವೂ ಹೋಯಿತು.

ಕೊನೆಗೆ ಉಳಿಯೋದು ಜಾಗ. ಚಿತ್ರದಲ್ಲಿ ಟಾಮ್ ರಾತ್ರೋರಾತ್ರಿ ಗ್ರ್ಯಾಂಡ್‌ಗೇ ಬೆಂಕಿ ಇಟ್ಟು ಬಿಜೂಗೆ ಒಳ್ಳೇ ಬೆಲೆ ಬರೋ ಹಾಗೆ ಮಾಡುತ್ತಾನೆ. ಕೆಂಪೇಗೌಡ ರಸ್ತೆ ಕಡೆ ಬೆಂಕಿಯ ಅಗತ್ಯವಿಲ್ಲ, ಅಲ್ಲಿ ಸೈಟಿನ ರೇಟೇ ಸಾಕು. ಕಪಾಲಿ ಕೆಡವಿದ ಜಾಗದಲ್ಲಿ ಮಾಲ್ ಎದ್ದಿದೆ, ಅದರೊಳಗೆ ಮಲ್ಟಿಪ್ಲೆಕ್ಸ್. ಪರದೆ ಮುಂದಿನ ಅಗ್ಗದ ಸೀಟುಗಳ ಗಾಂಧಿ ಕ್ಲಾಸ್‌ಗೆ ಮಾತ್ರ ಅಂಥ ಕಡೆ ಜಾಗವಿಲ್ಲ. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ ಸರ್ಕಾರ 2025ರಲ್ಲಿ ನಿಯಮ ತಂದಾಗ ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟಿಗೆ ಹೋದರು. ಅದೇ ಸೆಪ್ಟೆಂಬರ್‌ನಲ್ಲಿ ತಡೆಯಾಜ್ಞೆಯೂ ಸಿಕ್ಕಿತು.