ಉಪ್ಪು ಆವಿಯಾಗುವುದಿಲ್ಲ ಸ್ವಾಮಿ

ಮೊನ್ನೆ ರಾತ್ರಿ ಹತ್ತೂವರೆಗೆ, ಮನೆಯಲ್ಲಿ ಸಮುದ್ರದ ಮೀನು ಸಾಕುವವರೊಬ್ಬರ ಫೋನ್ ಬಂತು. "ಸರ್, ಟ್ಯಾಂಕಲ್ಲಿ ನೀರು ಕಮ್ಮಿ ಆಗಿತ್ತು. ಉಪ್ಪುನೀರು ಕಲಸಿ ತುಂಬಿಸಿದ್ದೀನಿ. ಸರಿ ಅಲ್ವಾ?"

ಊಟದ ತಟ್ಟೆ ಬದಿಗಿಟ್ಟು ಕೇಳಿದೆ. "ಎಷ್ಟು ದಿನದಿಂದ ಹೀಗೆ ತುಂಬಿಸ್ತಿದ್ದೀರಿ?"

"ಶುರು ಮಾಡಿದಾಗಿನಿಂದ ಸರ್. ಒಂದು ದಿನಾನೂ ತಪ್ಪಿಸಿಲ್ಲ."

ಆ ಕೊನೆಯ ಮಾತಿನಲ್ಲಿದ್ದ ಹೆಮ್ಮೆ ಕೇಳಿ ನನಗೆ ಅಳು ಬರುವುದೊಂದು ಬಾಕಿ.

ಬೆಂಗಳೂರಿನಲ್ಲಿ ಮನೆ ಮನೆಗೆ ಹೋಗಿ ಅಕ್ವೇರಿಯಂ ಕೂಡಿಸಿ, ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. 18 ವರ್ಷ ಆಯಿತು. ಸಿಹಿನೀರಿನ ಮೀನು ಸಾಕಿ ಪಳಗಿದವರು ಉಪ್ಪುನೀರಿಗೆ ಬಂದಾಗ ಬೇಕಾದಷ್ಟು ಓದಿಕೊಂಡೇ ಬರುತ್ತಾರೆ. ಲೈಟು ಯಾವುದು, ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಎಷ್ಟು ದೊಡ್ಡದು, ಯಾವ ಮೀನಿನ ಜೊತೆ ಯಾವುದು ಜಗಳ ಆಡುತ್ತದೆ, ಎಲ್ಲ ಗೊತ್ತು. ಹೊಸ ಟ್ಯಾಂಕಿಗೆ ನಾಲ್ಕರಿಂದ ಆರು ವಾರ ಮೀನು ಬಿಡಬಾರದು, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬರಬೇಕು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದಿದ್ದರೆ ದಯವಿಟ್ಟು ಇನ್ನೂ ಟ್ಯಾಂಕ್ ಕೊಳ್ಳಬೇಡಿ.

ನಾನು ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಹೋಗುವುದಿಲ್ಲ. ಹಾಗಾಗಿ ಕಮ್ಮಿಯಾದ ಜಾಗಕ್ಕೆ ಹಾಕಬೇಕಾದ್ದು ಸಿಹಿನೀರು, ಉಪ್ಪುನೀರು ಅಲ್ಲ.

"ಅಯ್ಯೋ, ಇಷ್ಟೇನಾ" ಅನ್ನುತ್ತೀರಿ. ಎಲ್ಲರೂ ಹಾಗೇ ಅನ್ನುತ್ತಾರೆ. ಹೈಸ್ಕೂಲಿನ ಪಾಠ. ಆದರೂ ಹತ್ತು ವರ್ಷ ಗೋಲ್ಡ್ ಫಿಶ್, ಆಸ್ಕರ್, ಡಿಸ್ಕಸ್ ಸಾಕಿದ ಕೈ ಇದೆಯಲ್ಲ, ಆ ಕೈಗೆ ಒಂದು ಅಭ್ಯಾಸ ಬಿದ್ದಿರುತ್ತದೆ. ಟ್ಯಾಂಕಿನಲ್ಲಿ ಯಾವ ನೀರಿದೆಯೋ ಅದೇ ನೀರು ಸುರಿಯುವ ಅಭ್ಯಾಸ. ತಲೆಗೆ ಗೊತ್ತಿದ್ದರೂ ಕೈ ಕೇಳುವುದಿಲ್ಲ. ಹೊಸದಾಗಿ ಶುರು ಮಾಡಿದವರಿಗಿಂತ ಹಳಬರೇ ಈ ತಪ್ಪು ಜಾಸ್ತಿ ಮಾಡುವುದನ್ನು ನೋಡಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಸಮುದ್ರದ ನೀರಿನ ಉಪ್ಪಿನ ಅಳತೆ ಸುಮಾರು 35 ಪಿಪಿಟಿ. ಅಂದರೆ ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ ಅಂತ ಇಟ್ಟುಕೊಳ್ಳಿ. ನಿಮ್ಮದು 200 ಲೀಟರ್ ಟ್ಯಾಂಕ್ ಆದರೆ ಅದರಲ್ಲಿ 7 ಕೆಜಿ ಉಪ್ಪಿದೆ. ಮಾರ್ಚ್ ತಿಂಗಳ ಬೆಂಗಳೂರಿನ ಒಣ ಗಾಳಿ, ಜೊತೆಗೆ ನೀರು ತಂಪಾಗಲಿ ಅಂತ ನೀವು ಸಿಕ್ಕಿಸಿದ ಫ್ಯಾನ್. ದಿನಕ್ಕೆ 3 ಲೀಟರ್ ಹಾರಿ ಹೋಗುವುದು ದೊಡ್ಡ ಮಾತಲ್ಲ. ಆ 3 ಲೀಟರ್ ಜಾಗಕ್ಕೆ ನೀವು ಉಪ್ಪುನೀರು ಹಾಕಿದರೆ ದಿನಕ್ಕೆ 105 ಗ್ರಾಂ ಉಪ್ಪು ಹೊಸದಾಗಿ ಸೇರಿತು. ಮೂರು ವಾರಕ್ಕೆ 2 ಕೆಜಿ 200 ಗ್ರಾಂ. ನೀರು ಮಾತ್ರ ಅದೇ 200 ಲೀಟರ್. 35 ಇದ್ದದ್ದು ಈಗ 46. ಗಾಜಿನ ಆಚೆಯಿಂದ ನೋಡಿದರೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅದೇ ತೊಂದರೆ.

ಈ 46 ನಾನು ಸುಮ್ನೆ ಹೇಳಿದ ಅಂಕಿ ಅಲ್ಲ. ಜಯನಗರದ ಕಡೆ ಒಬ್ಬರ ಮನೆಯಲ್ಲಿ ನಾನೇ ಅಳೆದದ್ದು. ಸಾಫ್ಟ್‌ವೇರ್ ಕೆಲಸ, ಬಹಳ ಶಿಸ್ತಿನ ಮನುಷ್ಯ. ದಿನಾ ಬೆಳಿಗ್ಗೆ ಏಳಕ್ಕೆ ಅಳತೆ ಮಾಡಿ 3 ಲೀಟರ್ ಉಪ್ಪುನೀರು ಹಾಕಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಸೀಗಡಿ ಸತ್ತಿದೆ. ಬಸವನಹುಳುಗಳು ಒಂದೊಂದಾಗಿ ಕೆಳಗೆ ಬೀಳುತ್ತಿವೆ. ಉಪ್ಪು ಅಳೆಯುವ ಅವರ ಪ್ಲಾಸ್ಟಿಕ್ ಹೈಡ್ರೋಮೀಟರ್ ಮಾತ್ರ ಎಲ್ಲ ಸರಿ ಅನ್ನುತ್ತಿದೆ. ಅದರ ಮುಳ್ಳಿಗೆ ಉಪ್ಪು ಮೆತ್ತಿಕೊಂಡು ಭಾರವಾಗಿತ್ತು. ಹಾಗಾದಾಗ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಗಾಳಿಗುಳ್ಳೆ ಅಂಟಿದರೆ ಜಾಸ್ತಿ ತೋರಿಸುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿ, ಅದನ್ನೂ 35 ಪಿಪಿಟಿ ದ್ರಾವಣ ಹಾಕಿ ಆಗಾಗ ಸರಿಪಡಿಸಿಕೊಳ್ಳಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

ನಾನು ಅವರಿಗೆ ಆವಿ, ಸಾಂದ್ರತೆ ಅಂತ ಏನೇನೋ ವಿವರಿಸುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ಆದರೆ ಮುಖ ನೋಡಿದರೆ ಒಳಗೆ ಇಳಿದ ಹಾಗೆ ಕಾಣಲಿಲ್ಲ. "ಅಲ್ಲ ಸರ್, ಸಮುದ್ರದ ಮೀನಿಗೆ ಸಿಹಿನೀರು ಹಾಕೋದಾ?" ಅನ್ನುವಲ್ಲೇ ನಿಂತಿದ್ದರು. ಅವರ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಗೋಕರ್ಣದ ಕಡೆಯವರು. "ಅಲ್ವೋ, ಸಾರು ಕುದ್ದು ಬತ್ತಿದ್ರೆ ಮತ್ತೆ ಉಪ್ಪುನೀರು ಹೊಯ್ತೀಯೇನೋ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ನೋಡಿದ್ದೀರಲ್ಲ? ಇವನು ಮನೆಯೊಳಗೆ ಅದನ್ನೇ ಮಾಡ್ತಾ ಇದ್ದಾನೆ" ಅಂದರು.

ನೋಡಿದ್ದೇನೆ. ಉಪ್ಪುನೀರು ಒಳಗೆ ಬಿಡುತ್ತಾರೆ, ಬಿಸಿಲಿಗೆ ನೀರು ಆರುತ್ತದೆ, ನೀರು ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಉಪ್ಪು ತಳದಲ್ಲಿ ಕೂರುತ್ತದೆ. ಅಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಆ ಉದಾಹರಣೆ ಹೊಳೆದಿರಲಿಲ್ಲ. ಈಗ ಎಲ್ಲ ಕಡೆ ಅದನ್ನೇ ಹೇಳುತ್ತೇನೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ, ಅದರಲ್ಲಿ ನನ್ನ ತಪ್ಪೂ ಇದೆ. "ಸ್ವಲ್ಪ ಉಪ್ಪುನೀರು ತೆಗೆದು ಆರ್‌ಓ ನೀರು ಹಾಕಿ, ನಿಧಾನಕ್ಕೆ ಇಳಿಸಿ" ಅಂತ ಹೇಳಿ ಬಂದೆ. ನಿಧಾನ ಅಂದರೆ ಎಷ್ಟು ಅಂತ ಹೇಳಲಿಲ್ಲ. ಅವರು ಕೂತು ಲೆಕ್ಕ ಹಾಕಿದರು. 46ರಿಂದ 35ಕ್ಕೆ ಬರಲು ಸುಮಾರು 48 ಲೀಟರ್ ಬದಲಾಯಿಸಬೇಕು. ಲೆಕ್ಕ ಸರಿಯಾಗಿಯೇ ಇದೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ನಿಧಾನಕ್ಕೆ ಮಾಡಿ ಮುಗಿಸಿದರು. ಬೆಳಿಗ್ಗೆ ಉಳಿದ ಬಸವನಹುಳು, ನಕ್ಷತ್ರಮೀನು ಎಲ್ಲ ಹೋಗಿದ್ದವು. ಕ್ಲೌನ್ ಫಿಶ್ ಜೋಡಿ ಮಾತ್ರ ಬದುಕಿತು. ನನ್ನ ಪ್ರಕಾರ ದಿನಕ್ಕೆ 1 ಪಿಪಿಟಿಗಿಂತ ಜಾಸ್ತಿ ಅಲುಗಾಡಿಸಬಾರದು. ಆ ಟ್ಯಾಂಕಿಗೆ ಅದು ದಿನಕ್ಕೆ ನಾಲ್ಕರಿಂದ ಐದು ಲೀಟರ್ ಬದಲಾಯಿಸುವುದು, ಹತ್ತು ಹನ್ನೆರಡು ದಿನದ ಕೆಲಸ. ಆವಿಯಾದ 3 ಲೀಟರ್ ತುಂಬುವುದು ಇದರಲ್ಲಿ ಸೇರಿಲ್ಲ, ಅದು ಬೇರೆ. ಅದು ಇದ್ದದ್ದನ್ನು ಇದ್ದ ಹಾಗೆ ಉಳಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಪ್ರತಿ ಟ್ಯಾಂಕೂ ಬೇರೆ, ಪ್ರಾಣಿಗಳು ಬೇರೆ. ಹಾಗಾಗಿ ಇದನ್ನೇ ಶಾಸನ ಅಂದುಕೊಳ್ಳಬೇಡಿ, ಅಳೆಯುತ್ತಾ ಮಾಡಿ.

ಮೀನು ಉಳಿದು ಹುಳು ಸತ್ತದ್ದೇಕೆ ಅಂತ ಕೇಳುತ್ತಾರೆ. ಉಪ್ಪಿನಕಾಯಿ ಹಾಕುವವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಮಾವಿನಮಿಡಿಯನ್ನು ಉಪ್ಪಿಗೆ ಹಾಕಿದರೆ ನೀರು ಬಿಟ್ಟುಕೊಂಡು ಮುದುಡುತ್ತದೆ. ಕಡಲೆಯನ್ನು ಸಿಹಿನೀರಿಗೆ ಹಾಕಿದರೆ ನೀರು ಕುಡಿದು ಊದುತ್ತದೆ. ಸಿಹಿನೀರಿನ ಮೀನಿನ ಪಾಡು ಕಡಲೆಯದು. ಮೈಯೊಳಗೆ ನೀರು ನುಗ್ಗುತ್ತಲೇ ಇರುತ್ತದೆ, ಅದು ಮೂತ್ರ ಮಾಡಿ ಹೊರಗೆ ಹಾಕುತ್ತಲೇ ಇರುತ್ತದೆ. ಸಮುದ್ರದ ಮೀನಿನ ಪಾಡು ಮಿಡಿಯದು. ಅದರ ರಕ್ತದಲ್ಲಿ ಉಪ್ಪು ಸಮುದ್ರದ ನೀರಿನ ಮೂರನೇ ಒಂದು ಪಾಲಿನಷ್ಟು. ಹಾಗಾಗಿ ಮೈಯಿಂದ ನೀರು ಹೊರಗೆ ಹೋಗುತ್ತಲೇ ಇರುತ್ತದೆ. ಅದಕ್ಕೆ ಅದು ಸಮುದ್ರದ ನೀರನ್ನೇ ಕುಡಿದು, ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತದೆ. ಸಮುದ್ರದಲ್ಲಿದ್ದರೂ ಬಾಯಾರಿದ ಪ್ರಾಣಿ ಅದು. ನೀವು ಉಪ್ಪು ಏರಿಸಿದಷ್ಟೂ ಅದಕ್ಕೆ ದುಡಿಮೆ ಜಾಸ್ತಿ, ಆದರೂ ಸ್ವಲ್ಪ ದಿನ ತಡೆಯುತ್ತದೆ. ಸೀಗಡಿ, ಬಸವನಹುಳು, ನಕ್ಷತ್ರಮೀನುಗಳಿಗೆ ಇಷ್ಟು ಸಾಮರ್ಥ್ಯ ಇಲ್ಲ. ಅದರಲ್ಲೂ ಬಸವನಹುಳು, ನಕ್ಷತ್ರಮೀನುಗಳಲ್ಲಿ ಹೊರಗಿನ ನೀರು ಹೇಗೋ ಒಳಗೂ ಹೆಚ್ಚು ಕಮ್ಮಿ ಹಾಗೇ. ಅದಕ್ಕೇ ಉಪ್ಪು ಏರಿದರೂ, ಒಮ್ಮೆಲೇ ಇಳಿದರೂ ಮೊದಲು ಹೋಗುವುದು ಅವು.

ಇನ್ನೊಂದು ಗೊಂದಲ ಸಂಪಿನದು. ಉಪ್ಪುನೀರಿನ ಟ್ಯಾಂಕಿನ ಕೆಳಗೆ ಕ್ಯಾಬಿನೆಟ್‌ನಲ್ಲಿ ಇನ್ನೊಂದು ಸಣ್ಣ ಟ್ಯಾಂಕ್ ಇಡುತ್ತೇವೆ. ಅದಕ್ಕೆ ನಾವು ಸಂಪ್ ಅನ್ನುತ್ತೇವೆ. ಮೇಲಿನ ಟ್ಯಾಂಕ್ ತುಂಬಿ ಹರಿದ ನೀರು ಇದಕ್ಕೆ ಇಳಿಯುತ್ತದೆ, ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಒಬ್ಬರಿಗೆ ಫೋನಿನಲ್ಲಿ "ಸಂಪಲ್ಲಿ ನೀರು ಎಷ್ಟಿದೆ ನೋಡಿ" ಅಂದರೆ, ಟಾರ್ಚ್ ತಗೊಂಡು ಗೇಟಿನ ಹತ್ತಿರ ಹೋಗಿ ಮುಚ್ಚಳ ತೆಗೆದು, "ಅರ್ಧ ಇದೆ ಸರ್, ಕಾವೇರಿ ನಾಳೆ ಬರುತ್ತೆ" ಅಂದಿದ್ದರು. ನಗಬೇಡಿ, ತಪ್ಪು ನನ್ನದೇ. ವಿಷಯ ಏನೆಂದರೆ, ಮೇಲಿನ ಟ್ಯಾಂಕಿನ ನೀರು ಸದಾ ತುಂಬಿಕೊಂಡೇ ಇರುತ್ತದೆ. ಆವಿಯಾದದ್ದು ಕಾಣುವುದು ಸಂಪಿನಲ್ಲಿ, ಅದೂ ಪಂಪ್ ಇರುವ ಖಾನೆಯಲ್ಲಿ ಮಾತ್ರ. ಮೇಲಿನ ಗಾಜು ನೋಡಿ "ನಮ್ಮಲ್ಲಿ ನೀರೇ ಕಮ್ಮಿ ಆಗಲ್ಲ" ಅನ್ನುವವರಿದ್ದಾರೆ. ಪಂಪ್ ಓಡುತ್ತಿರುವಾಗ ಆ ಖಾನೆಯ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ದಿನಾ ಆ ಗೆರೆಯ ತನಕ ತುಂಬಿಸಿ. ಕರೆಂಟ್ ಹೋಗಿದ್ದಾಗ ತುಂಬಿಸಬೇಡಿ, ಆಗ ಮೇಲಿನ ನೀರು ಕೆಳಗೆ ಇಳಿದು ಮಟ್ಟ ಏರಿರುತ್ತದೆ. ತಾನೇ ತುಂಬಿಸುವ ಯಂತ್ರ ಹಾಕಿಸಿಕೊಳ್ಳಿ, ಒಳ್ಳೆಯದೇ. ಆದರೆ ಅದಕ್ಕೆ ಇಡುವ ಸಿಹಿನೀರಿನ ಕ್ಯಾನು ಸಣ್ಣದಿರಲಿ. ನೀರಿನ ಮಟ್ಟ ನೋಡುವ ಫ್ಲೋಟಿಗೆ ಬಸವನಹುಳು ಸಿಕ್ಕಿಕೊಂಡು ಇಡೀ ಕ್ಯಾನು ಖಾಲಿಯಾದ ದಿನಗಳಿವೆ.

ಯಾವ ಸಿಹಿನೀರು ಅನ್ನುವುದಕ್ಕೂ ಅದೇ ನಿಯಮ. ಹೋಗುವುದು ಬರೀ ನೀರು, ಉಳಿದದ್ದೆಲ್ಲ ಉಳಿಯುತ್ತದೆ. ನಿಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣ ಖನಿಜಗಳ ಅಳತೆ, ಲೀಟರಿಗೆ 600 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ದಿನಕ್ಕೆ 3 ಲೀಟರ್ ಹಾಕಿದರೆ ವರ್ಷಕ್ಕೆ 650 ಗ್ರಾಂಗೂ ಮೀರಿ ಏನೇನೋ ಟ್ಯಾಂಕಿಗೆ ಸೇರುತ್ತದೆ. ಆ ಏನೇನೋದಲ್ಲಿ ನೈಟ್ರೇಟ್ ಕೂಡ ಇರಬಹುದು. ಅಡುಗೆಮನೆಯ ಆರ್‌ಓ ಸಾಕಲ್ವಾ ಅಂದರೆ, ಮೊದಲು ಅಳೆಯಿರಿ. ಕುಡಿಯಲು ರುಚಿ ಇರಲಿ ಅಂತ ಎಷ್ಟೋ ಪ್ಯೂರಿಫೈಯರ್‌ಗಳು ಸೋಸದ ನೀರನ್ನೋ ಖನಿಜವನ್ನೋ ಬೇಕೆಂದೇ ಬೆರೆಸುತ್ತವೆ. ನಮಗೆ ಬೇಕಾದ್ದು ಸೊನ್ನೆ, ಅಥವಾ ಸೊನ್ನೆಗೆ ಹತ್ತಿರ.

ಇಷ್ಟು ಹೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಕೊಳೆ ತೆಗೆಯಲು ನೀರು ಬದಲಾಯಿಸುವಾಗಲೂ ಸಿಹಿನೀರು ಹಾಕಿಬಿಡುತ್ತಾರೆ! ನೀವು ಬಕೆಟ್ಟಿನಲ್ಲಿ ನೀರು ತೆಗೆದು ಚೆಲ್ಲಿದರೆ ಉಪ್ಪೂ ಅದರ ಜೊತೆ ಹೋಯಿತು. ಅಲ್ಲಿ ಉಪ್ಪುನೀರೇ ಹಾಕಬೇಕು, ಅದೂ ಹಿಂದಿನ ರಾತ್ರಿಯೇ ಬೇರೆ ಬಕೆಟ್ಟಿನಲ್ಲಿ ಸಣ್ಣ ಪಂಪ್ ಇಟ್ಟು ಕಲಸಿದ್ದು. ಸ್ಕಿಮ್ಮರ್ ಕಪ್ಪಿನಲ್ಲಿ ಚೆಲ್ಲುವ ಕೊಳೆನೀರು, ಮುಚ್ಚಳದ ಮೇಲೆ ಕಟ್ಟುವ ಉಪ್ಪಿನ ಪದರ, ಇವುಗಳಿಂದಲೂ ತಿಂಗಳುಗಟ್ಟಲೆ ನೋಡಿದರೆ ಉಪ್ಪು ಸ್ವಲ್ಪ ಇಳಿಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ಅಳೆಯಿರಿ ಅನ್ನುವುದು. ನಾನು ಎಲ್ಲರಿಗೂ ಎರಡು ಬಕೆಟ್ ಕೊಡಿಸುತ್ತೇನೆ. ನೀಲಿ ಉಪ್ಪಿಗೆ, ಬಿಳಿ ಸಿಹಿಗೆ.

ಅಡುಗೆ ಉಪ್ಪು ಹಾಕಬಹುದಾ ಅಂತ ಈಗಲೂ ಕೇಳುವವರಿದ್ದಾರೆ. ಬೇಡ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತದೆ, ಅಡುಗೆ ಉಪ್ಪಿನಲ್ಲಿ ಅವು ಸಾಕಷ್ಟಿರುವುದಿಲ್ಲ. ಮಲ್ಪೆಯಿಂದ ಕ್ಯಾನುಗಟ್ಟಲೆ ನೀರು ಬಸ್ಸಿನ ಡಿಕ್ಕಿಯಲ್ಲಿ ತಂದವರೊಬ್ಬರಿದ್ದರು, ಅದೂ ಜುಲೈಯಲ್ಲಿ. ಕರಾವಳಿಯವನಾಗಿ ಅವರ ಉತ್ಸಾಹ ನನಗೆ ಇಷ್ಟವಾಯಿತು. ಆದರೆ ಮಳೆಗಾಲದಲ್ಲಿ ದಡದ ಹತ್ತಿರ ಹೊಳೆ ನೀರು ಬೆರೆತು ಉಪ್ಪು ಎಷ್ಟೋ ಇಳಿದಿರುತ್ತದೆ. ಜೊತೆಗೆ ಬಂದರಿನ ಎಣ್ಣೆ. ಹಾಗೇ ದಡದಿಂದ ಹವಳದ ಕಲ್ಲು ಹೊತ್ತು ತರಬೇಡಿ. ಹವಳ, ಕಡಲ್ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರಾದರೂ ಮಾರಲು ಬಂದರೂ ಕೊಳ್ಳಬೇಡಿ.

ಜಯನಗರದ ಆ ಟ್ಯಾಂಕ್ ಈಗ ಚೆನ್ನಾಗಿದೆ. ನೀರು ತುಂಬಿಸುವ ಕೆಲಸ ತಾಯಿಯದು. ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆ ಇಲ್ಲಿಗೆ ಬರುತ್ತಾರಂತೆ. ಹೋದ ತಿಂಗಳು ಅವರು ಊರಿಗೆ ಹೋಗಿದ್ದಾಗ ಮಗನ ಫೋನ್ ಬಂತು.

"ಸರ್, ಅಮ್ಮ ದಿನಾ ಎಷ್ಟು ಚೊಂಬು ಹಾಕ್ತಾರೆ ಅಂತ ನಿಮಗೇನಾದ್ರೂ ಹೇಳಿದ್ರಾ?"

"ಗೆರೆ ನೋಡಿ ಹಾಕಿ" ಅಂದೆ.

"ಗೆರೆ ಕಾಣ್ತಿದೆ ಸರ್. ಯಾವ ಬಕೆಟ್ಟು?"